ಔಷಧದಾನಕ್ಕೆ ರಸೀದಿಯುಂಟು, ಅಭಯದಾನಕ್ಕೆ?

ನಮ್ಮ ಸಮಾಜದಲ್ಲಿ ದಾನಕ್ಕೆ ಬರವಿಲ್ಲ. ಬಸದಿಯ ಜೀರ್ಣೋದ್ಧಾರವೆಂದರೆ, ಪಂಚಕಲ್ಯಾಣವೆಂದರೆ, ಮುನಿಸಂಘದ ಚಾತುರ್ಮಾಸವೆಂದರೆ ಹಿಂದೆ ಸರಿಯುವವರು ಕಡಿಮೆ. ರೋಗಿಗಳ ವಿಷಯದಲ್ಲಿಯೂ ಹಾಗೆಯೇ. ಊರಿನಲ್ಲಿ ಒಬ್ಬ ಶ್ರಾವಿಕೆಗೆ ಗರ್ಭಕೋಶದ ಕ್ಯಾನ್ಸರ್ ಎಂದು ತಿಳಿದರೆ ಟ್ರಸ್ಟಿನವರು ಸಭೆ ಸೇರುವುದಕ್ಕೂ ಕಾಯದೆ ಹಣ ಬಿಡುಗಡೆ ಮಾಡುತ್ತಾರೆ. ಆಸ್ಪತ್ರೆಯ ಬಿಲ್ಲು ಬರುತ್ತದೆ, ಪಾವತಿಯಾಗುತ್ತದೆ, ಆಕೆ ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬರುತ್ತಾಳೆ. ಅಂದೇ ಕಡತ ಮುಚ್ಚುತ್ತದೆ. ವಾರ್ಷಿಕ ವರದಿಯಲ್ಲಿ ಔಷಧದಾನವೆಂಬ ಶೀರ್ಷಿಕೆಯ ಕೆಳಗೆ ಒಂದು ಮೊತ್ತ ಅಚ್ಚಾಗುತ್ತದೆ. ಆ ಮೊತ್ತದ ಬಗ್ಗೆ ನನ್ನ ತಕರಾರು ಇಲ್ಲ. ನನ್ನ ತಕರಾರು ಇರುವುದು ಕಡತ ಮುಚ್ಚುವ ದಿನಾಂಕದ ಬಗ್ಗೆ.

ಶುಶ್ರೂಷಾ ವೃತ್ತಿಯಲ್ಲಿ ಅನೇಕ ವರ್ಷಗಳನ್ನು ಕಳೆದವಳಾಗಿ ಹೇಳುತ್ತೇನೆ: ಈ ರೋಗದಲ್ಲಿ ಹೆಣ್ಣಿನ ಅತ್ಯಂತ ಕಠಿಣವಾದ ದಿನಗಳು ಅನೇಕ ವೇಳೆ ಪ್ರಾರಂಭವಾಗುವುದೇ ಆ ದಿನಾಂಕದ ನಂತರ.

ಶಸ್ತ್ರಚಿಕಿತ್ಸೆಯೆಂದರೆ ಏನೆಂಬುದನ್ನು ನಾವು ಸಂಕೋಚಪಡದೆ ತಿಳಿಯಬೇಕು. ಗರ್ಭಕಂಠದ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದಾಗ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯನ್ನು ವಿಯೆನ್ನಾ ನಗರದ ವೈದ್ಯ ಅರ್ನ್‌ಸ್ಟ್ ವರ್ಟ್‌ಹೈಮ್ 1898ರಲ್ಲಿ ರೂಢಿಗೆ ತಂದರು. ಅಂದಿನಿಂದ ಅದು ಬಹಳ ಸುಧಾರಿಸಿದ್ದರೂ ಅದರ ಸ್ವರೂಪ ಬದಲಾಗಿಲ್ಲ. ಗರ್ಭಕೋಶ, ಅದರ ಸುತ್ತಲಿನ ಅಂಗಾಂಶ, ಯೋನಿಯ ಮೇಲ್ಭಾಗ, ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳು ಇವೆಲ್ಲವನ್ನೂ ತೆಗೆಯುತ್ತಾರೆ. ಮೂತ್ರಕೋಶಕ್ಕೆ ಹೋಗುವ ನರಗಳು ಅಲ್ಲಿಯೇ ಹಾದುಹೋಗುವುದರಿಂದ ಕೆಲವರಿಗೆ ಮೂತ್ರ ಬಂದಿತೆಂಬ ಅರಿವೇ ಕೆಲಕಾಲ ಇರುವುದಿಲ್ಲ. ಕ್ಯಾತಿಟರ್ ನಳಿಕೆಯೊಂದಿಗೆ ದಿನಗಟ್ಟಲೆ ಇರಬೇಕಾಗುತ್ತದೆ, ಗಡಿಯಾರ ನೋಡಿ ಮೂತ್ರಕ್ಕೆ ಹೋಗುವುದನ್ನು ಮಗುವಿನಂತೆ ಮತ್ತೆ ಕಲಿಯಬೇಕಾಗುತ್ತದೆ. ಗ್ರಂಥಿಗಳನ್ನು ತೆಗೆದುದರಿಂದ ಕಾಲು ಬಾವು ಬರಬಹುದು. ಅಂಡಾಶಯಗಳನ್ನೂ ತೆಗೆದರೆ, ನಲವತ್ತರ ಹೆಂಗಸು ಒಂದೇ ದಿನದಲ್ಲಿ ಮುಟ್ಟು ನಿಂತ ಹೆಂಗಸಾಗುತ್ತಾಳೆ. ಸಹಜವಾಗಿ ವರ್ಷಗಳ ಅವಧಿಯಲ್ಲಿ ಆಗಬೇಕಾದ ಬದಲಾವಣೆ ಮೇಜಿನ ಮೇಲೆ ಮುಗಿದುಹೋಗಿರುತ್ತದೆ. ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುವುದು, ನಿದ್ರೆ ಹಾರುವುದು, ಕಾರಣವಿಲ್ಲದೆ ಕಣ್ಣೀರು ಬರುವುದು ಇವೆಲ್ಲವೂ ಅದರ ಹಿಂದೆಯೇ ಬರುತ್ತವೆ. ಮೇಲೆ ರೇಡಿಯೋಥೆರಪಿ ಬೇಕಾದರೆ ಯೋನಿಯ ಒಳಗೋಡೆ ಒಣಗಿ ಸಂಕುಚಿತವಾಗುತ್ತದೆ. ಇದನ್ನೆಲ್ಲ ಮೊದಲೇ ಹೇಳಿದವರಿದ್ದರೆ ಆಕೆ ಸಹಿಸಿಯಾಳು. ಹೇಳುವವರಿಲ್ಲದಿದ್ದರೆ, ರೋಗ ಮರಳಿತೆಂದೋ, ತನಗೆ ಹುಚ್ಚು ಹಿಡಿಯುತ್ತಿದೆಯೆಂದೋ ಭಾವಿಸಿ ಒಳಗೊಳಗೇ ನಡುಗುತ್ತಾಳೆ.

ಇದು ಎಲ್ಲೋ ಒಬ್ಬಿಬ್ಬರ ಮಾತಲ್ಲ. 2022ನೆಯ ವರ್ಷಕ್ಕೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮಾಡಿದ ಅಂದಾಜಿನಂತೆ ನಮ್ಮ ದೇಶದಲ್ಲಿ ಗರ್ಭಕಂಠದ ಕ್ಯಾನ್ಸರ್ ಒಂದರಿಂದಲೇ ಹೊಸದಾಗಿ ಪೀಡಿತರಾದ ಸ್ತ್ರೀಯರು ಸುಮಾರು 1,27,000. ಮರಣ ಹೊಂದಿದವರು ಸುಮಾರು 80,000. ಭಾರತೀಯ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ನಂತರ ಇದರದೇ ಸ್ಥಾನ. ಅಂಡಾಶಯದ ಮತ್ತು ಗರ್ಭಕೋಶದ ಕ್ಯಾನ್ಸರ್‌ಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಹೀಗೆ ಮನೆಗೆ ಬಂದ ಹೆಂಗಸಿಗೆ ನಾವು ಏನು ಕೊಡುತ್ತೇವೆ? ಮೊದಲು ಕೊಡುವುದು ತೀರ್ಪು. ನೋಡಲು ಬಂದವರು ಹಣ್ಣಿನ ಚೀಲ ಇಟ್ಟು, ನಿಟ್ಟುಸಿರು ಬಿಟ್ಟು, “ಏನು ಮಾಡುವುದು, ಪಾಪೋದಯ” ಎನ್ನುತ್ತಾರೆ. ಇನ್ನೂ ಕೆಲವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಆಕೆಗೆ ಕೇಳಿಸುವಂತೆ, ಯಾವ ಜನ್ಮದಲ್ಲಿ ಯಾವ ಜೀವದ ಗರ್ಭಕ್ಕೆ ಏನು ಮಾಡಿದ್ದಳೋ ಎಂದು ಲೆಕ್ಕ ಹಾಕುತ್ತಾರೆ. ಕರ್ಮಸಿದ್ಧಾಂತವನ್ನು ಇಷ್ಟು ಅಗ್ಗವಾಗಿ ಬಳಸುವ ಜನ ನಮ್ಮನ್ನು ಬಿಟ್ಟರೆ ಬೇರೆಯವರಿರಲಾರರು. ಆ ಸಿದ್ಧಾಂತವನ್ನು ಜಿನರು ಹೇಳಿದ್ದು ಪ್ರತಿಯೊಬ್ಬನೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲೆಂದು. ಇನ್ನೊಬ್ಬಳ ಆತ್ಮಕ್ಕೆ ಯಾವ ಭವದಲ್ಲಿ ಯಾವ ಬಂಧವಾಯಿತೆಂಬುದು ಪ್ರತ್ಯಕ್ಷಜ್ಞಾನಿಗಳಿಗೆ ಗೋಚರವಾಗತಕ್ಕ ಸಂಗತಿ. ಮತಿ-ಶ್ರುತಗಳೇ ಮಸುಕಾಗಿರುವ ನಾವು ಅದನ್ನು ಕಾಫಿಲೋಟ ಹಿಡಿದುಕೊಂಡು ನಿರ್ಣಯಿಸುತ್ತೇವೆ!

ಶಾಸ್ತ್ರದ ಹೆಸರೆತ್ತುವವರು ಶಾಸ್ತ್ರವನ್ನು ಪೂರ್ತಿ ಓದಲಿ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳಿದೆ. ದುಃಖಪಡಿಸುವುದು, ಶೋಕಕ್ಕೆ ಈಡುಮಾಡುವುದು, ಅಳುವಂತೆ ಮಾಡುವುದು ಆ ಪಟ್ಟಿಯಲ್ಲಿಯೇ ಇವೆ. ಹಾಸಿಗೆ ಹಿಡಿದವಳ ಕಿವಿಗೆ ಆಕೆಯ ಪಾಪದ ಮಾತು ಹಾಕಿ ಅಳಿಸಿದವರು ಆಕೆಯ ಕರ್ಮದ ಲೆಕ್ಕಕ್ಕಿಂತ ಮೊದಲು ತಮ್ಮ ಖಾತೆಯನ್ನು ನೋಡಿಕೊಳ್ಳುವುದು ಯುಕ್ತ.

ಇನ್ನೊಂದು ಮಾತು ತೀರ್ಪಿಗಿಂತಲೂ ಕ್ರೂರವಾದದ್ದು. ಬಹಿರಂಗವಾಗಿ ಯಾರೂ ಆಡದ ಮಾತು. ಗರ್ಭಕಂಠದ ಕ್ಯಾನ್ಸರಿಗೆ ಒಂದು ವೈರಾಣು ಕಾರಣವೆಂಬುದು ಪತ್ರಿಕೆಗಳ ಮೂಲಕ ಎಲ್ಲರಿಗೂ ತಲುಪಿದೆ. ಹೆರಾಲ್ಡ್ ಝುರ್ ಹೌಸನ್ ಅವರಿಗೆ 2008ರ ನೊಬೆಲ್ ಪಾರಿತೋಷಕ ಬಂದುದು ಈ ಶೋಧಕ್ಕಾಗಿಯೇ. ಅರ್ಧ ತಿಳಿದವರು ಅದರಿಂದ ತೆಗೆದ ಅರ್ಥವೆಂದರೆ, ಈ ರೋಗ ಬಂದವಳ ನಡತೆಯಲ್ಲಿ ಏನೋ ದೋಷವಿರಬೇಕು ಎಂಬುದು. ನಿಜವೇನು? ಈ ವೈರಾಣು ದಾಂಪತ್ಯಜೀವನ ನಡೆಸುವ ಬಹುಪಾಲು ಸ್ತ್ರೀಪುರುಷರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ತಗಲುವಂಥದು. ಬಹಳಷ್ಟು ಜನರಲ್ಲಿ ಅದು ಒಂದೆರಡು ವರ್ಷಗಳಲ್ಲಿ ತಾನಾಗಿ ಅಳಿಯುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷಗಳಲ್ಲಿ, ಕ್ಯಾನ್ಸರಾಗಿ ಬೆಳೆಯುತ್ತದೆ. ಗಂಡನೊಬ್ಬನನ್ನಲ್ಲದೆ ಇನ್ನೊಬ್ಬನನ್ನು ಅರಿಯದವಳಿಗೂ ಬರುತ್ತದೆ. ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರಿಗಂತೂ ಈ ವೈರಾಣುವಿನ ಸಂಬಂಧವೇ ಇಲ್ಲ. ಇವುಗಳಲ್ಲಿ ಯಾವ ಕ್ಯಾನ್ಸರೂ ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಕೊಳದಪ್ಪಲೆಯ ನೀರು ಕುಡಿದರೆ ಹರಡುವುದಿಲ್ಲ. ಆದರೂ ಆಕೆಗೆ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ಮುನಿಗಳಿಗೆ ಆಹಾರ ಕೊಡುವ ದಿನ ಆಕೆ ಒಳಕೋಣೆಯಲ್ಲಿ. ಶುಚಿಯ ನಿಯಮಗಳ ವಿಚಾರದಲ್ಲಿ ಹಿರಿಯರೊಂದಿಗೆ ಜಗಳ ತೆಗೆಯುವುದು ನನ್ನ ಉದ್ದೇಶವಲ್ಲ. ಗಾಯ ಮಾಗುವವರೆಗೆ ಸ್ರಾವವಿದ್ದರೆ ಆ ನಿಯಮಗಳನ್ನು ಆಕೆಯೇ ಪಾಲಿಸುತ್ತಾಳೆ, ಹೇಳಿಸಿಕೊಳ್ಳಬೇಕಾಗಿಲ್ಲ. ಆದರೆ ಗಾಯ ಮಾಗಿ ವರ್ಷವಾದರೂ ಮುಗಿಯದ ಮೈಲಿಗೆ ಯಾವ ಶ್ರಾವಕಾಚಾರದಲ್ಲಿದೆ? ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಒಂದು. ಅದಕ್ಕೆ ದೃಷ್ಟಾಂತ ಉದ್ದಾಯನ ಮಹಾರಾಜ. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ತನ್ನ ಮೇಲೆಯೇ ವಾಂತಿ ಮಾಡಿದಾಗಲೂ ಹೇಸದೆ, ತಾನು ಕೊಟ್ಟ ಆಹಾರದಲ್ಲಿಯೇ ದೋಷವಿತ್ತೇನೋ ಎಂದು ನೊಂದುಕೊಂಡವನು ಆ ಅರಸ. ಈ ಕಥೆಯನ್ನು ನಾವು ಪಾಠಶಾಲೆಯ ಮಕ್ಕಳಿಗೆ ಹೇಳಿಕೊಡುತ್ತೇವೆ. ಪರೀಕ್ಷೆಯಲ್ಲಿ ಅಂಕ ಕೊಡುತ್ತೇವೆ. ಮನೆಯ ಸೊಸೆಯ ಮೂತ್ರದ ಚೀಲ ಖಾಲಿ ಮಾಡಲು ಮಾತ್ರ ಕೂಲಿಯವಳನ್ನು ಹುಡುಕುತ್ತೇವೆ.

ತೀರ್ಪಿನ ನಂತರ ಕೊಡುವುದು ಉಪದೇಶ. ಇದನ್ನು ಕೊಡುವವರ ಉದ್ದೇಶ ಒಳ್ಳೆಯದೇ. ಪಂಚನಮಸ್ಕಾರ ಜಪಿಸು, ಸ್ವಾಧ್ಯಾಯ ಮಾಡು, ದೇಹ ಬೇರೆ ಆತ್ಮ ಬೇರೆ ಎಂಬ ಭೇದವಿಜ್ಞಾನವನ್ನು ಚಿಂತಿಸು, ಮನಸ್ಸು ತಾನಾಗಿ ತಿಳಿಯಾಗುತ್ತದೆ. ಹೌದು, ಜಪದಿಂದ ಶಾಂತಿ ದೊರೆತ ಅನೇಕರನ್ನು ನಾನೇ ಕಂಡಿದ್ದೇನೆ. ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಮಣಿಮಾಲೆಯ ಸದ್ದು ಕೇಳಿದರೆ ನನಗೂ ಧೈರ್ಯವಾಗುತ್ತಿತ್ತು. ಆದರೆ ಜಪ ಮಾಡಲು ಕುಳಿತರೆ ಮನಸ್ಸು ನಿಲ್ಲದೆ, ನಿಲ್ಲದಿರುವುದೂ ತನ್ನದೇ ಪಾಪವೆಂದು ಇಮ್ಮಡಿ ಕುಗ್ಗಿದವರನ್ನೂ ಕಂಡಿದ್ದೇನೆ. ಅವರಿಗೆ ಉಪದೇಶ ಇನ್ನೊಂದು ಹೊರೆ.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಅದು ನಮ್ಮ ಮನೆಗಳಲ್ಲಿಯೇ ಹೆಚ್ಚು. ಶಸ್ತ್ರಚಿಕಿತ್ಸೆಯಾದ ಹೆಂಗಸು ಊಟ ಬಿಡುತ್ತಾಳೆ. ಒಪ್ಪತ್ತು ಎನ್ನುತ್ತಾಳೆ, ಉಪವಾಸ ಎನ್ನುತ್ತಾಳೆ. ಮಾತು ಕಡಿಮೆ ಮಾಡುತ್ತಾಳೆ. ನಸುಕಿನ ಮೂರು ಗಂಟೆಗೇ ಎದ್ದು ಕೂರುತ್ತಾಳೆ. ಒಡವೆಗಳನ್ನು ಮಗಳಿಗೆ ಸೊಸೆಗೆ ಹಂಚುತ್ತಾಳೆ. ನನಗೇನೂ ಬೇಡ, ನಾನು ಯಾರಿಗೂ ಭಾರವಾಗಬಾರದು ಎನ್ನುತ್ತಾಳೆ. ಮನೆಯವರು, ವೈರಾಗ್ಯ ಬಂದಿದೆ, ಪುಣ್ಯವಂತೆ ಎಂದು ಹೆಮ್ಮೆಪಡುತ್ತಾರೆ. ತರಬೇತಿ ಪಡೆದ ಶುಶ್ರೂಷಕಿ ಇದೇ ಲಕ್ಷಣಗಳನ್ನು ನೋಡಿದರೆ ಆ ಸಂಜೆಯೇ ಮನೋವೈದ್ಯರಿಗೆ ಹೇಳಿಕಳಿಸುತ್ತಾಳೆ. ತಪಸ್ಸಿಗೂ ಖಿನ್ನತೆಗೂ ಹೊರರೂಪದಲ್ಲಿ ಎಷ್ಟು ಹೋಲಿಕೆಯಿದೆಯೆಂದರೆ ಅದನ್ನು ಬೇರ್ಪಡಿಸಿ ನೋಡುವ ಕಣ್ಣಿಲ್ಲದ ಮನೆಯಲ್ಲಿ ಒಂದು ಜೀವ ಸದ್ದಿಲ್ಲದೆ ಜಾರಿಹೋಗಬಹುದು. ನಮ್ಮ ಆಚಾರ್ಯರಿಗೆ ಈ ವ್ಯತ್ಯಾಸ ತಿಳಿಯದ್ದಲ್ಲ. ಧ್ಯಾನವನ್ನು ನಾಲ್ಕಾಗಿ ವಿಂಗಡಿಸಿ, ಮೊದಲನೆಯದಾದ ಆರ್ತಧ್ಯಾನದಲ್ಲಿಯೇ ಇಷ್ಟವಿಯೋಗದಿಂದ ಹುಟ್ಟುವ ಕೊರಗನ್ನೂ ವೇದನೆಯಿಂದ ಹುಟ್ಟುವ ಕೊರಗನ್ನೂ ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ಮೌನವಾಗಿ ಕುಳಿತವರೆಲ್ಲ ಧರ್ಮಧ್ಯಾನದಲ್ಲಿದ್ದಾರೆಂದು ಅವರು ಎಲ್ಲಿಯೂ ಹೇಳಿಲ್ಲ. ದಾಂಪತ್ಯದ ವಿಷಯವೂ ಹೀಗೆಯೇ. ಶಸ್ತ್ರಚಿಕಿತ್ಸೆಯ ನಂತರ ಭಯದಿಂದ, ನೋವಿನ ಅಂಜಿಕೆಯಿಂದ, ಗಂಡ ಹೇಸಿಯಾನೆಂಬ ಶಂಕೆಯಿಂದ ಬ್ರಹ್ಮಚರ್ಯ ವ್ರತ ಬೇಡಿ ಬರುವ ಮೂವತ್ತೈದರ ಹೆಣ್ಣುಮಗಳಿಗೆ ವ್ರತ ಕೊಡುವ ಮುನ್ನ, ಸಾಮಾನ್ಯವಾಗಿ ಆರೆಂಟು ವಾರಗಳಲ್ಲಿ ಗಾಯ ಮಾಗುತ್ತದೆ, ವೈದ್ಯರು ನೋಡಿ ಒಪ್ಪಿದ ಮೇಲೆ ದಾಂಪತ್ಯಕ್ಕೆ ಅಡ್ಡಿಯಿಲ್ಲ, ಒಣಗಿದ್ದಕ್ಕೆ ಲೇಪನವಿದೆ, ಸಂಕುಚಿತವಾದದ್ದಕ್ಕೆ ಉಪಕರಣವಿದೆ ಎಂದು ಯಾರಾದರೂ ಆಕೆಗೂ ಆಕೆಯ ಗಂಡನಿಗೂ ಒಟ್ಟಿಗೆ ಕೂರಿಸಿ ಹೇಳಿದ್ದಾರೆಯೇ ಎಂದು ಕೇಳಬೇಕಲ್ಲವೇ? ಅದನ್ನು ಹೇಳಬೇಕಾದವಳು ಶುಶ್ರೂಷಕಿ. ವೈದ್ಯರಿಗೆ ವೇಳೆಯಿಲ್ಲ, ಅತ್ತೆಗೆ ನಾಲಿಗೆ ಏಳುವುದಿಲ್ಲ.

ಮನೆಯವರೇ ಇರುವಾಗ ಹೊರಗಿನವರೇಕೆ ಎನ್ನುವವರಿದ್ದಾರೆ. ಅವಿಭಕ್ತ ಕುಟುಂಬದ ಆಸರೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ರೋಗಿಯು ಎಲ್ಲಕ್ಕಿಂತ ಹೆಚ್ಚಾಗಿ ಮರೆಮಾಚುವುದು ಮನೆಯವರಿಂದಲೇ. ಮಕ್ಕಳು ಹೆದರಿಯಾರೆಂದು ಅಳುವುದಿಲ್ಲ, ಗಂಡ ಕುಗ್ಗಿಯಾನೆಂದು ಕೇಳುವುದಿಲ್ಲ, ತವರಿನವರು ಓಡಿಬಂದಾರೆಂದು ಪತ್ರ ಬರೆಯುವುದಿಲ್ಲ. ಮನೆಯವರೂ ಆಕೆಯಿಂದ ಮರೆಮಾಚುತ್ತಾರೆ. ಗಡ್ಡೆ ಇತ್ತು, ತೆಗೆದರು, ಆಯಿತು ಎನ್ನುತ್ತಾರೆ. ಕಾಗದಕ್ಕೆ ರುಜು ಹಾಕಿದವನು ಗಂಡ. ವೈದ್ಯರನ್ನು ಪಕ್ಕಕ್ಕೆ ಕರೆದು, ಅವಳಿಗೆ ಹೇಳಬೇಡಿ ಎಂದು ಬೇಡಿಕೊಂಡವನು ಅಣ್ಣ. ನೋವಾಗುವ ಸತ್ಯವನ್ನು ನುಡಿಯಬಾರದೆಂದು ಸತ್ಯಾಣುವ್ರತದಲ್ಲಿಯೇ ಇದೆಯಲ್ಲ ಎಂದು ಒಬ್ಬ ಹಿರಿಯರು ನನ್ನೊಡನೆ ವಾದಿಸಿದರು. ಇನ್ನೊಬ್ಬರ ಮೇಲೆ ವಿಪತ್ತು ತರುವ ಮಾತನ್ನು ಆಡಬಾರದೆಂಬ ನಿಯಮ ಬೇರೆ. ತನ್ನ ದೇಹದ ಸಂಗತಿಯನ್ನು ತಾನೇ ಕೇಳುತ್ತಿರುವವಳಿಗೆ ಸುಳ್ಳು ಹೇಳುವುದು ಬೇರೆ. ಕಿಮೋಥೆರಪಿಗೆ ಒಯ್ಯುತ್ತಾರೆ, ಕೂದಲು ಉದುರುತ್ತದೆ, ಪಕ್ಕದ ಹಾಸಿಗೆಯವಳು ತನಗೇನೆಂದು ಹೇಳುತ್ತಾಳೆ. ಆಮೇಲೂ ಆಕೆಗೆ ತಿಳಿದಿಲ್ಲವೆಂದು ನಂಬುವುದು ನಮ್ಮ ಸಮಾಧಾನಕ್ಕೆ. ಅಷ್ಟರಲ್ಲಿ ಆಕೆ ಕಲಿಯುವುದು ಒಂದೇ: ಈ ಮನೆಯಲ್ಲಿ ಯಾರನ್ನೂ ಕೇಳಬಾರದು. ತನ್ನ ಸ್ಥಿತಿಯೇನೆಂದು ಅರಿಯದವಳು ಆಸ್ತಿಯ ವಿಚಾರವಾಗಲಿ, ಮಗಳ ಮದುವೆಯ ವಿಚಾರವಾಗಲಿ, ತನ್ನ ವ್ರತನಿಯಮಗಳ ವಿಚಾರವಾಗಲಿ ಸ್ವಂತ ತೀರ್ಮಾನ ಮಾಡುವುದು ಹೇಗೆ? ಹೀಗಾಗಿ ಪ್ರಶ್ನೆ ಬರುವುದು ರಾತ್ರಿ ಪಾಳಿಯ ಶುಶ್ರೂಷಕಿಯ ಬಳಿಗೆ. “ಸಿಸ್ಟರ್, ನಿಜ ಹೇಳಿ, ನನಗೇನಾಗಿದೆ?”

ಆ ಶುಶ್ರೂಷಕಿಯ ಸ್ಥಿತಿಯೇನು? ನಾನು ಕೆಲಸ ಮಾಡಿದ ಒಂದು ದೊಡ್ಡ ಆಸ್ಪತ್ರೆಯಲ್ಲಿ ರಾತ್ರಿ ವಾರ್ಡಿಗೆ ಇಬ್ಬರೇ ಇರುತ್ತಿದ್ದೆವು. ಸೂಜಿ, ಸಲೈನು, ತಾಪಮಾನದ ಪಟ್ಟಿ, ಶಸ್ತ್ರಚಿಕಿತ್ಸೆಯಿಂದ ಮರಳಿದವರ ರಕ್ತದೊತ್ತಡ ಇಷ್ಟರಲ್ಲಿಯೇ ಬೆಳಗಾಗುತ್ತಿತ್ತು. ಕೈ ಹಿಡಿದ ರೋಗಿಯ ಬಳಿ ಹತ್ತು ನಿಮಿಷ ಕುಳಿತರೆ ಮೇಲ್ವಿಚಾರಕಿಯರು ಅದನ್ನು ಕೆಲಸಗಳ್ಳತನವೆಂದು ಬಗೆಯುತ್ತಿದ್ದರು. ಆ ಹತ್ತು ನಿಮಿಷಕ್ಕೆ ಯಾವ ನಮೂನೆಯಲ್ಲಿಯೂ ಕಲಮು ಇರಲಿಲ್ಲ. ಕಲಮು ಇಲ್ಲದ ಕೆಲಸಕ್ಕೆ ಸಂಬಳ ಕೊಡುವವರು ಯಾರು?

ಹಾಗಾದರೆ ಈ ಹತ್ತು ನಿಮಿಷದಿಂದ ಪ್ರಯೋಜನವುಂಟೆಂಬುದಕ್ಕೆ ಆಧಾರವೇನೆಂದು ಲೆಕ್ಕದಲ್ಲಿ ಪಳಗಿದ ನಮ್ಮ ಧರ್ಮದರ್ಶಿಗಳು ಕೇಳುವುದು ನ್ಯಾಯವೇ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪೀಟರ್ ಮ್ಯಾಗ್ವೈರ್ ಎಂಬ ಮನೋವೈದ್ಯರೂ ಅವರ ಸಂಗಡಿಗರೂ 1980ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನಾನು ಅನೇಕ ಸಲ ಓದಿದ್ದೇನೆ. ಅದು ಸ್ತನ ತೆಗೆದ 152 ಮಹಿಳೆಯರ ಬಗೆಗಿನದು; ಗರ್ಭಕೋಶದ್ದಲ್ಲ. ಆದರೂ ಅದರ ಪಾಠ ಇಲ್ಲಿಗೂ ಸಲ್ಲುತ್ತದೆ. ಸುಮಾರು ಅರ್ಧದಷ್ಟು ಮಹಿಳೆಯರನ್ನು ಒಬ್ಬ ವಿಶೇಷ ಶುಶ್ರೂಷಕಿ ನೋಡಿಕೊಂಡಳು, ಉಳಿದವರಿಗೆ ಎಂದಿನ ಆರೈಕೆ. ಶುಶ್ರೂಷಕಿಯ ಸಮಾಧಾನದ ಮಾತುಗಳಿಂದ ಮನೋವ್ಯಥೆ ತಪ್ಪಿತೇ? ಇಲ್ಲ, ತಪ್ಪಲಿಲ್ಲ. ಇದನ್ನು ಆ ವೈದ್ಯರೇ ಮುಚ್ಚಿಡದೆ ಹೇಳಿದ್ದಾರೆ. ಆದರೆ ಆಕೆ ನಿಯತವಾಗಿ ಮನೆಗೆ ಹೋಗಿ ನೋಡುತ್ತಿದ್ದುದರಿಂದ, ಮನೋವೈದ್ಯರ ನೆರವು ಬೇಕಾದವರಲ್ಲಿ ನೂರಕ್ಕೆ 76 ಮಂದಿಯನ್ನು ಗುರುತಿಸಿ ಕಳಿಸಿದಳು. ಎಂದಿನ ಆರೈಕೆಯ ಗುಂಪಿನಲ್ಲಿ ಹಾಗೆ ಗುರುತಿಸಲ್ಪಟ್ಟವರು ನೂರಕ್ಕೆ 15 ಮಾತ್ರ. ಒಂದರಿಂದ ಒಂದೂವರೆ ವರ್ಷದ ನಂತರ ನೋಡಿದಾಗ ಶುಶ್ರೂಷಕಿ ನೋಡಿಕೊಂಡ ಗುಂಪಿನಲ್ಲಿ ಮನೋವ್ಯಾಧಿ ಉಳಿದವರು ನೂರಕ್ಕೆ 12, ಇನ್ನೊಂದು ಗುಂಪಿನಲ್ಲಿ ನೂರಕ್ಕೆ 39.

ಈ ಅಂಕಿಗಳನ್ನು ನಮ್ಮವರು ಎರಡು ಬಾರಿ ಓದಬೇಕು. ಧೈರ್ಯದ ಉಪನ್ಯಾಸದಿಂದ ಫಲವಾಗಲಿಲ್ಲ. ಫಲವಾದದ್ದು ಮತ್ತೆ ಮತ್ತೆ ಹೋಗಿ ನೋಡಿದ್ದರಿಂದ, ನೋಡಿ ಸರಿಯಾದವರ ಬಳಿಗೆ ಕಳಿಸಿದ್ದರಿಂದ. ನಾವು ಮಾಡುವುದಾದರೋ ಇದಕ್ಕೆ ತೀರ ವಿರುದ್ಧ. ಮಹಿಳಾ ಸಮಾಜದ ವಾರ್ಷಿಕೋತ್ಸವದಲ್ಲಿ ಕ್ಯಾನ್ಸರನ್ನು ಗೆದ್ದವರಿಗೆ ಶಾಲು ಹೊದಿಸಿ, ಆತ್ಮಬಲದ ಮೇಲೆ ಒಂದು ಭಾಷಣ ಮಾಡಿಸಿ, ಕರತಾಡನವಾದ ಮೇಲೆ ಮನೆಗೆ ಹೋಗುತ್ತೇವೆ. ಗೆಲ್ಲಲಾರದವರು ಹಿಂದಿನ ಸಾಲಿನಲ್ಲಿ ಕುಳಿತು ಏನೆಂದುಕೊಂಡರೆಂದು ಯಾರೂ ಕೇಳುವುದಿಲ್ಲ.

ಸ್ತ್ರೀಯರ ಕ್ಯಾನ್ಸರುಗಳ ಬಗೆಗೇ ಬೇಕೆಂದರೆ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಶುಶ್ರೂಷಾ ಪ್ರಾಧ್ಯಾಪಕಿ ರೂತ್ ಮೆಕಾರ್ಕಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಶಸ್ತ್ರಚಿಕಿತ್ಸೆಯಾದ 123 ಮಹಿಳೆಯರಲ್ಲಿ ಒಂದು ಗುಂಪಿಗೆ ಆರು ತಿಂಗಳ ಕಾಲ ವಿಶೇಷ ತರಬೇತಿಯ ಶುಶ್ರೂಷಕಿಯ ಆರೈಕೆ. ಅವರಲ್ಲಿ ಹೆಚ್ಚು ಕುಗ್ಗಿದವರಿಗೆ ಮನೋಶುಶ್ರೂಷಕಿಯ ಭೇಟಿ. ಆ ಗುಂಪಿನವರ ಅನಿಶ್ಚಿತತೆಯೂ ರೋಗಲಕ್ಷಣಗಳ ಬಾಧೆಯೂ ಕಡಿಮೆಯಾದುವು. ಮ್ಯಾಗ್ವೈರ್ ಅವರ ಮಾತಿಗೆ ಇದು ಹತ್ತಿರವಾಗಿಯೇ ಇದೆ, ಹೆಚ್ಚು ಬೆಳೆಸುವುದಿಲ್ಲ.

ಮನಸ್ಸಿನ ಸಂಕಟವನ್ನು ಅಳೆಯಲು ದೊಡ್ಡ ಯಂತ್ರವೂ ಬೇಡ. ನ್ಯೂಯಾರ್ಕಿನ ಜಿಮ್ಮಿ ಹಾಲೆಂಡ್ ಎಂಬ ವೈದ್ಯೆ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದ ಕೊನೆಯಲ್ಲಿ ಜ್ವರಮಾಪಕದ ಚಿತ್ರವನ್ನೇ ಕಾಗದದ ಮೇಲೆ ಬರೆದು, ಸೊನ್ನೆಯಿಂದ ಹತ್ತರವರೆಗೆ ಗೆರೆ ಎಳೆದು, ಕಳೆದ ವಾರ ನಿಮ್ಮ ಸಂಕಟ ಎಷ್ಟಿತ್ತು, ಗುರುತು ಮಾಡಿ ಎಂದು ಕೇಳುವ ಪದ್ಧತಿ ತಂದರು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಎಂದರೆ ಮುಂದಿನ ವಿಚಾರಣೆಯಾಗಬೇಕು. ಅಕ್ಷರ ಬಾರದವರೂ ಬೆರಳಿಟ್ಟು ತೋರಿಸಬಹುದು. ಜೊತೆಗೆ ಕೇಳಬೇಕಾದ ಒಂದು ಪ್ರಶ್ನೆಯಿದೆ. ನಮ್ಮವರು ಬಾಯಲ್ಲಿ ತರಲು ಹೆದರುವ ಪ್ರಶ್ನೆ. ಬದುಕೇ ಬೇಡವೆನಿಸಿದೆಯೇ? ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ನಿರಾಧಾರವಾದದ್ದು. ಕೇಳಿದಾಗ ಹೆಚ್ಚಿನವರ ಮುಖದಲ್ಲಿ ಕಾಣುವುದು ಬಿಡುಗಡೆ. ಹೌದೆಂದರೆ ಆಕೆಯನ್ನು ಒಂಟಿಯಾಗಿ ಬಿಡದೆ ವೈದ್ಯರಿಗೆ ತಿಳಿಸಬೇಕು. 2022ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿ ಉಚಿತವಾಗಿ ದೊರೆಯುತ್ತದೆ; ಕನ್ನಡದಲ್ಲಿಯೂ ಮಾತನಾಡಬಹುದು. ಇದನ್ನು ಪ್ರತಿ ಬಸದಿಯ ಪಂಚಾಂಗದ ಹಾಳೆಯ ಮೇಲೆ ಅಚ್ಚು ಹಾಕಿಸಲು ಎಷ್ಟು ವೆಚ್ಚವಾದೀತು?

ಇನ್ನು ಹಣದ ಮಾತಿಗೆ ಬರೋಣ. ಕರ್ನಾಟಕದಲ್ಲಿ ಪರಿಸ್ಥಿತಿ ಬದಲಾಗಿದೆಯೆಂಬುದನ್ನು ನಮ್ಮ ಟ್ರಸ್ಟುಗಳು ಇನ್ನೂ ಗಮನಿಸಿದಂತಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ನಿಗದಿಯಾಯಿತು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯೂ ಅದರಲ್ಲಿ ಸೇರಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯಂಥ, 1973ರಿಂದ ನಡೆದುಬಂದ, ಸಾರ್ವಜನಿಕ ಆಸ್ಪತ್ರೆಯೂ ಇದೆ. ಅಂದರೆ ಕತ್ತಿಗೆ ಹಣ ಕೊಡುವವರು ಈಗ ಬೇರೆ ಇದ್ದಾರೆ. ಕಿವಿಗೆ ಹಣ ಕೊಡುವವರು ಮಾತ್ರ ಯಾರೂ ಇಲ್ಲ. ಸರ್ಕಾರದ ದರಪಟ್ಟಿ ಗರ್ಭಕೋಶ ತೆಗೆದುದಕ್ಕೆ ಬೆಲೆ ಕಟ್ಟುತ್ತದೆ. ತೆಗೆದ ಮೇಲೆ ಆಕೆ ಮೊದಲ ಬಾರಿ ಗಾಯ ನೋಡಿಕೊಳ್ಳುವಾಗ ಪಕ್ಕದಲ್ಲಿ ನಿಂತವಳಿಗೆ ಬೆಲೆ ಕಟ್ಟುವುದಿಲ್ಲ. ದಾನಕ್ಕೆ ಯೋಗ್ಯವಾದ ತೆರವು ಇರುವುದು ಇಲ್ಲಿಯೇ. ಹೀಗಿದ್ದೂ ಟ್ರಸ್ಟುಗಳು ಸರ್ಕಾರ ಕೊಡುವುದನ್ನೇ ಮತ್ತೊಮ್ಮೆ ಕೊಡುತ್ತವೆ, ಇಲ್ಲವೇ ಆಸ್ಪತ್ರೆಗೆ ಗಾಲಿಕುರ್ಚಿ ಕೊಟ್ಟು ಅದರ ಬೆನ್ನಿಗೆ ಹೆಸರು ಬರೆಸುತ್ತವೆ. ಗಾಲಿಕುರ್ಚಿಯ ಮೇಲೆ ಹೆಸರು ಬರೆಯಬಹುದು. ಶುಶ್ರೂಷಕಿಯ ಹತ್ತು ನಿಮಿಷದ ಮೇಲೆ ಬರೆಯಲಾಗುವುದಿಲ್ಲ. ತೊಡಕು ಇಷ್ಟೇ ಎಂದು ಕೆಲವೊಮ್ಮೆ ನನಗೆ ಅನ್ನಿಸುತ್ತದೆ.

ಹೊಸದನ್ನೇನೂ ನಾನು ಕೇಳುತ್ತಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯವನ್ನು ನಾವು ಕಸಾಯಿಖಾನೆಯಿಂದ ಬಿಡಿಸಿದ ಕುರಿಗಳಿಗೂ ಹಕ್ಕಿಗಳಿಗೂ ಮೀಸಲಿಟ್ಟಿದ್ದೇವೆ. ಅದು ಬೇಡವೆಂದಲ್ಲ, ಎಂದೂ ಬೇಡವಾಗುವುದಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುವ ಹೆಂಗಸು, ಸಿಎ-125 ರಕ್ತಪರೀಕ್ಷೆಯ ಅಂಕಿ ಏನು ಬಂದೀತೋ ಎಂದು ವಾರಕ್ಕೆ ಮುಂಚಿನಿಂದ ನಿದ್ರೆಗೆಡುವುದು ಭಯವಲ್ಲವೇ? ಆ ಭಯದಲ್ಲಿ ಆಕೆಯ ಜೊತೆಗಿರುವುದು ಅಭಯವಲ್ಲವೇ? ಆಭ್ಯಂತರ ತಪಸ್ಸುಗಳಲ್ಲಿ ಸೇರಿದ ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನರು, ಎಂದರೆ ರೋಗಪೀಡಿತರು, ಒಬ್ಬರು. ಅಲ್ಲಿ ಹೇಳಿದ್ದು ರೋಗಿ ಮುನಿಗಳನ್ನು ಕುರಿತು, ಗೃಹಸ್ಥರನ್ನಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ. ಮನೆಯ ರೋಗಿಯ ಸೇವೆಯಲ್ಲಿ ಪಳಗದ ಕೈ ಮುನಿಯ ಸೇವೆಯಲ್ಲಿ ಹೇಗೆ ಪಳಗೀತೆಂಬುದಕ್ಕೆ ಮಾತ್ರ ಅವರೇ ಉತ್ತರಿಸಬೇಕು.

ಒಂದು ಸಣ್ಣ ಆರಂಭ ದೊಡ್ಡದಾದ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ತಮ್ಮ ತಂಗಿಯನ್ನು ಕ್ಯಾನ್ಸರಿನಲ್ಲಿ ಕಳೆದುಕೊಂಡ ದುಃಖವನ್ನು ಮರೆಯದೆ, ಮಹಿಳಾ ಸಂಘವೊಂದರ ನಿಧಿಯಿಂದ ಮದರಾಸಿನ ಅಡ್ಯಾರಿನಲ್ಲಿ 1954ರಲ್ಲಿ ಕ್ಯಾನ್ಸರ್ ಸಂಸ್ಥೆ ತೆರೆದಾಗ ಅಲ್ಲಿದ್ದುದು 12 ಹಾಸಿಗೆಗಳು. ನಾನು ಕೇಳುವುದು ಹನ್ನೆರಡು ಹಾಸಿಗೆಯಲ್ಲ, ಒಬ್ಬ ಶುಶ್ರೂಷಕಿ. ಜಿಲ್ಲೆಗೊಂದು ಟ್ರಸ್ಟು, ಅಥವಾ ನಾಲ್ಕು ಸಣ್ಣ ಟ್ರಸ್ಟುಗಳು ಸೇರಿ, ಕ್ಯಾನ್ಸರ್ ಚಿಕಿತ್ಸೆ ನಡೆಯುವ ಆಸ್ಪತ್ರೆಯೊಂದಿಗೆ ಒಪ್ಪಂದ ಮಾಡಿಕೊಂಡು ಆಕೆಯ ವೇತನವನ್ನು ವಹಿಸಿಕೊಳ್ಳಲಿ. ಆಕೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮನೋಶುಶ್ರೂಷೆಯ ತರಬೇತಿ ಕೊಡಿಸಲಿ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಚಿತ್ರ ಬರೆದು ಏನು ತೆಗೆಯುತ್ತಾರೆ, ಏನು ಉಳಿಯುತ್ತದೆ ಎಂದು ಹೇಳುವುದು, ಬಿಡುಗಡೆಯ ದಿನ ಗಂಡಹೆಂಡಿರಿಬ್ಬರನ್ನೂ ಕೂರಿಸಿ ಮಾತನಾಡುವುದು, ಎರಡನೆಯ ವಾರ ತಾನಾಗಿ ದೂರವಾಣಿ ಮಾಡುವುದು, ಆಮೇಲೆ ತಿಂಗಳಿಗೊಮ್ಮೆ ಒಂದು ವರ್ಷ ವಿಚಾರಿಸುವುದು, ಬೇಕಾದವರನ್ನು ಮನೋವೈದ್ಯರಿಗೆ ಕಳಿಸುವುದು ಆಕೆಯ ಕೆಲಸ. ಜಾತಿಧರ್ಮ ನೋಡದೆ ವಾರ್ಡಿನ ಎಲ್ಲ ಹೆಂಗಸರಿಗೂ. ಧರ್ಮಪ್ರಚಾರ ಆಕೆಯ ಕೆಲಸವಲ್ಲವೆಂದು ಒಪ್ಪಂದದಲ್ಲಿಯೇ ಬರೆದಿರಲಿ. ಆಸ್ಪತ್ರೆಯವರು ಒಂದು ಬಾಗಿಲಿರುವ ಕೋಣೆ ಕೊಡಲಿ. ಪರದೆ ಸಾಲದು, ಪರದೆಯ ಆಚೆ ಕಿವಿಗಳಿರುತ್ತವೆ. ಮತ್ತು ಆಕೆಯನ್ನು ಸೂಜಿಯ ಕೆಲಸಕ್ಕೆ ಎಳೆದುಕೊಳ್ಳಬಾರದು. ಈ ಕೊನೆಯ ಷರತ್ತು ಇಲ್ಲದಿದ್ದರೆ ಮೂರು ತಿಂಗಳಲ್ಲಿ ಇಡೀ ಯೋಜನೆ ಮಣ್ಣುಪಾಲಾಗುತ್ತದೆಂದು ಅನುಭವದಿಂದ ಹೇಳಬಲ್ಲೆ. ಮುಂದಿನ ಪಂಚಕಲ್ಯಾಣದ ಪೆಂಡಾಲು, ದೀಪಾಲಂಕಾರ, ಕಲಶದ ಸವಾಲಿನ ಮೊತ್ತಗಳನ್ನು ಪಕ್ಕದಲ್ಲಿಟ್ಟು ಆಕೆಯ ವರ್ಷದ ವೇತನವನ್ನು ಖಜಾಂಚಿಗಳೇ ಲೆಕ್ಕ ಹಾಕಿ ನೋಡಲಿ.

ಈ ಸಲಹೆಯನ್ನು ಒಂದು ಸಭೆಯಲ್ಲಿ ಇಟ್ಟಾಗ ಯಾರೂ ವಿರೋಧಿಸಲಿಲ್ಲ. ಕಾರ್ಯದರ್ಶಿಗಳು ಮಾತ್ರ, ನಡಾವಳಿಯಲ್ಲಿ ಗರ್ಭಕಂಠ ಮುಂತಾದ ಶಬ್ದಗಳು ಬೇಡ, ಮಹಿಳಾ ಆರೋಗ್ಯ ಎಂದು ಸಾಮಾನ್ಯವಾಗಿ ಬರೆಯೋಣ, ಹಿರಿಯರು ಓದುತ್ತಾರೆ ಎಂದರು. ಬೇಡ, ಹಾಗೆ ಬರೆಯಬೇಡಿ. ಮಹಿಳಾ ಆರೋಗ್ಯವೆಂದು ಬರೆದರೆ ಆ ಹಣ ರಕ್ತಹೀನತೆಯ ಶಿಬಿರಕ್ಕೆ ಹೋಗುತ್ತದೆ, ಮರುವರ್ಷ ಹೊಲಿಗೆಯಂತ್ರಕ್ಕೆ ಹೋಗುತ್ತದೆ. ಅದೂ ಅಲ್ಲದೆ, ಬಸದಿಯ ಸೂಚನಾಫಲಕದ ಮುಂದೆ ನಿಂತು ಓದುವ ಒಬ್ಬಳು, ತನ್ನ ರೋಗದ ಹೆಸರನ್ನು ತಾನೇ ಬಾಯಲ್ಲಿ ತರಲಾರದವಳು, ಅದು ತನಗಾಗಿ ಬರೆದದ್ದೆಂದು ತಿಳಿಯುವುದು ಹೇಗೆ? ಫಲಕದ ಮೇಲೆ ಗರ್ಭಕಂಠ, ಗರ್ಭಕೋಶ, ಅಂಡಾಶಯ ಎಂದು ಮೂರು ಹೆಸರುಗಳನ್ನೂ ಬರೆಯಿರಿ. ಕೆಳಗೆ ಶುಶ್ರೂಷಕಿ ಸಿಗುವ ವಾರ, ವೇಳೆ, ದೂರವಾಣಿ ಸಂಖ್ಯೆ.